ಪೂಜೆಗಿಟ್ಟ ರಿವಾಲ್ವರ್

ಐವತ್ತರ ದಶಕದಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ನಮ್ಮ ಹೊಲವಿತ್ತು. ಕರಡಿ ಕಾಟಕ್ಕೆಂದು ನಮ್ಮ ದೊಡ್ಡಪ್ಪ ಮೈಸೂರಿನ ಅಂಗಡಿಯಲ್ಲಿ ಅರ್ಧ ದಿನ ಕೂತು ರಿವಾಲ್ವರ್ ಆರಿಸಿದರು. ಜೇಬಿಗೆ ಚೆಂದ ಕಾಣುವ ಸಣ್ಣದನ್ನು ಪಕ್ಕಕ್ಕೆ ತಳ್ಳಿ, ದಪ್ಪ ನಳಿಗೆಯ ಭಾರದ್ದನ್ನು ಹಿಡಿದು, "ಹೊತ್ತಿಗೆ ಕೈ ಕೊಡಬಾರ್ದು, ಅಷ್ಟೇ ಕಣಯ್ಯ" ಎಂದರು.

ಆ ವರ್ಷದ ಆಯುಧಪೂಜೆಯ ದಿನ ಅದು ಮಚ್ಚು, ಕುಡುಗೋಲುಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿತ್ತು. ಸಂಜೆ ನಮ್ಮ ಆಳು ಓಡಿ ಬಂದ.

"ಬುದ್ಧೀ, ಹೊಲದ ಹುತ್ತದತ್ರ ಕರಡಿ ಬಂದದೆ. ಪಿಸ್ತೂಲ್ ತಕ್ಕಂಡ್ ಬನ್ನಿ."

"ಪೂಜೆಗಿಟ್ಟಿದ್ದನ್ನ ನಾಳೆವರ್ಗೂ ಎತ್ತಂಗಿಲ್ಲ ಕಣ್ಲಾ. ನೀನೇ ಓಗಿ ತಮಟೆ ಬಡಿ" ಎಂದ ದೊಡ್ಡಪ್ಪ ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.

ಅವನು ಹೋದ. ಕರಡಿ ಅವನ ಮೂಗನ್ನೂ ಒಂದು ಕಣ್ಣನ್ನೂ ಕಿತ್ತುಹಾಕಿತು. ರಿವಾಲ್ವರ್ ಒಮ್ಮೆಯೂ ಕೈ ಕೊಡಲಿಲ್ಲ, ನಿಜ. ಹಾರಿಸಿದರೆ ತಾನೇ.

ಮರುವರ್ಷ ಅದೇ ಹಬ್ಬಕ್ಕೆ ಅವನು ಕುಡುಗೋಲುಗಳನ್ನು ತೊಳೆದು ತಂದು ಬಾಗಿಲಲ್ಲಿ ನಿಂತ. ದೊಡ್ಡಪ್ಪ ರಿವಾಲ್ವರ್‌ಗೆ ಕುಂಕುಮ ಇಡುತ್ತಾ, ತಲೆಯೆತ್ತದೆ ಹೇಳಿದರು: "ಒಳ್ಳೆ ದಿನ ಕಣ್ಲಾ, ಮುಖಕ್ಕೆ ಟವಲ್ ಸುತ್ಕೊಂಡ್ ಬಾ."