ತಳ್ಳಣ್ಣನ ಅಕ್ಕ ಓದಿದ ಕೊನೆಯ ಪುಟ

ಆಸ್ಪತ್ರೆಯಲ್ಲಿ ಅವನ ಹುದ್ದೆಗೆ ಏನೋ ಉದ್ದನೆಯ ಹೆಸರಿತ್ತು. ಅದು ಯಾರಿಗೂ ಬೇಕಿರಲಿಲ್ಲ. ರೋಗಿಗಳನ್ನು ಸ್ಟ್ರೆಚರ್ ಮೇಲೆ ಮಲಗಿಸಿ ವಾರ್ಡಿನಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ವಾಪಸು ವಾರ್ಡಿಗೆ ತಳ್ಳಿಕೊಂಡು ಹೋಗುವುದು ಅವನ ಕೆಲಸ. ಆದ್ದರಿಂದ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರಿಗೂ ಅವನು ತಳ್ಳಣ್ಣ. ನಲವತ್ತು ದಾಟಿದ ಆಳು, ಮದುವೆಯಾಗಿಲ್ಲ, ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲ. ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ನಾನು ಅಲ್ಲಿ ಸೇರಿದಾಗ, ಮುಖ ನೋಡಿದವನೇ, ಈಗಲೇ ಅರ್ಧ ಜೀವ ಹೋದವರ ಹಾಗಿದ್ದೀರಲ್ಲಮ್ಮ ಎಂದ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವನು ಹೇಳಿದ್ದು ನಿಜವೇ. ನಾನು ಬಟ್ಟೆ ಹೊಲಿದು ಬದುಕುವವಳು. ಕತ್ತರಿ ನನ್ನ ಕೈಯಲ್ಲಿದ್ದರೆ ಸರಿ, ಇನ್ನೊಬ್ಬರ ಕೈಯಲ್ಲಿ ಕಂಡರೆ ಜೀವ ಬಾಯಿಗೆ ಬರುತ್ತದೆ.

ಹೆದರಿದವರಿಗೆಲ್ಲ ಅವನು ಒಂದು ಮಾತು ಹೇಳುತ್ತಿದ್ದ. ಆಪರೇಷನ್ ಮುಗಿದು ಕಣ್ಣು ಬಿಟ್ಟವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳುವುದು, "ಯಾವಾಗ ಶುರು ಮಾಡ್ತೀರಿ?" ಎಂದು. ಹೊಟ್ಟೆ ಕೊಯ್ದು ಹೊಲಿದೂ ಆಗಿರುತ್ತದೆ, ಪಾಪ, ಅವರಿಗೆ ಗೊತ್ತೇ ಇರುವುದಿಲ್ಲ. ಗಡಿಯಾರ ಮುಂದೆ ಹೋಗಿರುತ್ತದೆ, ಅವರು ಮಾತ್ರ ಅಲ್ಲೇ ಇರುತ್ತಾರೆ. ಇಷ್ಟು ಹೇಳಿ ತಾನೇ ಮೊದಲು ನಕ್ಕು, ಸ್ಟ್ರೆಚರಿನ ಹಾಸಿಗೆಯ ಕೆಳಗಿಂದ ಒಂದು ಪುಸ್ತಕ ತೆಗೆದು ಕೈಗೆ ಕೊಡುತ್ತಿದ್ದ.

ಅದು ಕಾಲದಲ್ಲಿ ಓಡಾಡುವ ಮನುಷ್ಯನ ಕಾದಂಬರಿ. ತಾತಂದಿರ ಕಾಲದಿಂದ ಜನ ಓದುತ್ತ ಬಂದದ್ದು, ನಾನು ಓದಿರಲಿಲ್ಲ ಅಷ್ಟೆ. ಬೀಗ ರಿಪೇರಿ ಮಾಡುವವನೊಬ್ಬ ಮನೆಯ ಕಬ್ಬಿಣದ ಬೀರುವಿಗೆ ಏನೇನೋ ಜೋಡಿಸಿ, ಅದರೊಳಗೆ ಕೂತು ಮುಂದಿನ ಶತಮಾನಗಳಿಗೆ ಹೋಗಿ ಹೋಗಿ ಬರುತ್ತಾನೆ. ಅಲ್ಲಿ ಅವನಿದ್ದ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಇಲ್ಲಿ ಅವನ ಹೆಂಡತಿ ಬೀರುವಿನ ಹಿಡಿಯ ಮೇಲೆ ಕೈಯಿಟ್ಟು ಕಾಯುತ್ತಾಳೆ. ಕೊನೆಗೆ ಯಾರು ಬೇಡವೆಂದರೂ ಕೇಳದೆ ಮತ್ತೊಮ್ಮೆ ಹೋಗುತ್ತಾನೆ. ವಾಪಸು ಬಂದನೇ? ಆಗ ವಾರ್ಡಿನಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ, ಒಬ್ಬರೂ ಅದನ್ನು ಮುಗಿಸಿರಲಿಲ್ಲ.

ಹಾಗಂತ ಅಭಿಪ್ರಾಯಗಳಿಗೇನೂ ಬರ ಇರಲಿಲ್ಲ. ಹರ್ನಿಯಾದ ಬಸ್ ಡ್ರೈವರು, ಬ್ರೇಕ್ ಎಲ್ಲಿದೆ ಎಂದೇ ಬರೆಯದ ಗಾಡಿಗೆ ಹತ್ತಿದವನಿಗೆ ತಲೆ ನೆಟ್ಟಗಿಲ್ಲ ಎಂದು ವಾದಿಸಿದ್ದನಂತೆ. ಮೊಮ್ಮಗಳಿಂದ ಓದಿಸಿಕೊಂಡ ಅಜ್ಜಿಯೊಬ್ಬರದು ಒಂದೇ ಪ್ರಶ್ನೆ: ಇವನು ಊರೂರು ಸುತ್ತುವಾಗ ಹೆಂಡತಿಯ ಹೊಟ್ಟೆ ಬಟ್ಟೆ ನೋಡುವವರು ಯಾರು? ನಾನಂತೂ ಆ ಖಾಲಿ ಬೀದಿಯ ಭಾಗದಲ್ಲೇ ನಿಂತುಬಿಟ್ಟೆ. ನನ್ನ ಅಂಗಡಿ, ನನ್ನ ಮಿಷನ್ನು, ಬಾಗಿಲಲ್ಲಿ ನೇತುಹಾಕಿದ ರವಿಕೆಗಳು, ಒಂದೂ ಇಲ್ಲದ ಬೀದಿ. ಪುಸ್ತಕ ಮುಚ್ಚಿ ದಿಂಬಿನ ಕೆಳಗೆ ತುರುಕಿದೆ.

ಮುಗಿಸದಿರುವುದಕ್ಕೆ ಕಾರಣವಿತ್ತು. ಆ ಡ್ರೈವರು ಅರ್ಧ ಓದಿ, ಔಷಧದ ಚೀಟಿ ಗುರುತಿಗಿಟ್ಟು ಆಪರೇಷನ್ನಿಗೆ ಒಳಗೆ ಹೋದವನು. ಒಳಗೆ ಏನೋ ಎಡವಟ್ಟಾಗಿ ಸಾವಿನ ಬಾಗಿಲು ತಟ್ಟಿ ಬಂದ. ಬಂದವನೇ ಕೇಳಿದ್ದು ಪುಸ್ತಕವನ್ನು. ಮುಂದಿನ ವಾರ ಒಬ್ಬ ಯಜಮಾನರು ಅದನ್ನು ಪೂರ್ತಿ ಓದಿ, ಒಳ್ಳೇ ಕಥೆ ಎಂದು ತಳ್ಳಣ್ಣನ ಕೈಗಿಟ್ಟು ಆಪರೇಷನ್ನಿಗೆ ಹೋದರು. ಅವರು ಕಣ್ಣು ತೆರೆಯಲಿಲ್ಲ. ಕೊನೆ ಏನೆಂದು ಅವರು ಯಾರಿಗೂ ಹೇಳಿರಲೂ ಇಲ್ಲ. ಅಂದಿನಿಂದ ವಾರ್ಡಿನಲ್ಲಿ ಒಂದು ನಂಬಿಕೆ ಬೇರೂರಿತು: ಕಥೆ ಬಾಕಿ ಇದ್ದವರು ವಾಪಸು ಬರುತ್ತಾರೆ. ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೂ ಕೊನೆಯ ಅಧ್ಯಾಯದ ತಂಟೆಗೆ ಹೋಗಲಿಲ್ಲ.

ಹೀಗಿರುವಾಗ ತಳ್ಳಣ್ಣನ ಸ್ವಂತ ಅಕ್ಕ ಹೊಟ್ಟೆಯ ಗಡ್ಡೆಗೆ ಆಪರೇಷನ್ ಆಗಬೇಕೆಂದು ನನ್ನ ಪಕ್ಕದ ಹಾಸಿಗೆಗೆ ಬಂದಳು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಸಿನಿಮಾ ಮಂದಿರದಲ್ಲಿ ಬಾಗಿಲು ಕಾಯುವ ಕೆಲಸ. ಆಟ ಬಿಡುವ ಮುಂಚೆ ಒಳಗೆ ಹೋಗಿ ಬಾಗಿಲ ಚಿಲಕ ತೆಗೆದು ನಿಲ್ಲಬೇಕು. ಹಾಗಾಗಿ ಜೀವಮಾನವೆಲ್ಲ ಅವಳು ಸಿನಿಮಾಗಳ ಕೊನೆಯನ್ನೇ ಮೊದಲು ನೋಡಿದವಳು. ಪುಸ್ತಕಕ್ಕೂ ಅದೇ ಚಟ. ಅವಳ ಹೃದಯಕ್ಕೆ ಶಕ್ತಿ ಸಾಲದು, ಅರಿವಳಿಕೆ ಕೊಟ್ಟರೆ ಎಚ್ಚರವಾಗುವುದು ಕಷ್ಟವಾಗಬಹುದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿದ ದಿನದಿಂದ ತಳ್ಳಣ್ಣನ ಬಾಯಿಗೆ ಬೀಗ ಬಿದ್ದಿತ್ತು.

ನನ್ನ ದಿಂಬಿನ ಕೆಳಗಿಂದ ಇಣುಕುತ್ತಿದ್ದ ಪುಸ್ತಕವನ್ನು ಅವಳು ಎಳೆದುಕೊಂಡಳು. ನಾನು ಬೇಡ ಅನ್ನುವಷ್ಟರಲ್ಲಿ ಕೊನೆಯ ಪುಟ ತೆರೆದು ಓದಿಯೇಬಿಟ್ಟಳು. ಊಟದ ತಟ್ಟೆ ಹಿಡಿದು ಬಂದ ತಳ್ಳಣ್ಣ ಅದನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಏನಕ್ಕ ಮಾಡ್ದೆ ನೀನು?"

"ಏನೋ ಮಾಡ್ದೆ? ಕೊನೆ ಗೊತ್ತಿದ್ರೆ ಮಿಕ್ಕಿದ್ದು ಆರಾಮಾಗಿ ಓದಬಹುದು ಕಣೋ."

ಅವನು ತಟ್ಟೆಯನ್ನು ನನ್ನ ಹಾಸಿಗೆಯ ಮೇಲಿಟ್ಟು ಹೊರಗೆ ಹೋದ. ಯಾಕೆ ಹೀಗಾಡುತ್ತಾನೆ ಎಂದು ಅಕ್ಕ ನನ್ನನ್ನು ಕೇಳಿದಳು. ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ. ಸಾಯುವ ಹೆದರಿಕೆ ಅವಳಿಗಿರಲಿಲ್ಲ, ನಮ್ಮಿಬ್ಬರಿಗೆ ಇತ್ತು.

ಮರುದಿನ ಬೆಳಿಗ್ಗೆ ಮೊದಲ ಸರದಿ ಅವಳದು, ನಂತರ ನನ್ನದು. ಬೇರೆ ಯಾರಾದರೂ ತಳ್ಳಲಿ ಎಂದು ನರ್ಸ್ ಹೇಳಿದರೂ ಅವನು ಬಿಡಲಿಲ್ಲ. ಕಾರಿಡಾರಿನ ತುದಿಯವರೆಗೆ ನಾನೂ ಜೊತೆಗೆ ನಡೆದೆ. ಆಪರೇಷನ್ ಕೋಣೆಯ ಬಾಗಿಲು ಬಂದಾಗ ಅವನು ಬಗ್ಗಿ, "ಅಕ್ಕ, ಒಬ್ಬಳನ್ನ ನೋಡಿದೀನಿ. ಮದುವೆ ಅಂತ ಆದ್ರೆ ಅವಳನ್ನೇ" ಎಂದ.

ಇಪ್ಪತ್ತು ವರ್ಷದಿಂದ ಮದುವೆಯಾಗೋ ಎಂದು ಅವನ ಜೀವ ತಿಂದವಳು ಅವಳು. ಮೊಣಕೈಯೂರಿ ಏಳಲು ಹೋದಳು.

"ಯಾರೋ ಅವಳು?"

"ಆಮೇಲೆ ಹೇಳ್ತೀನಿ."

"ಲೋ, ಈಗ ಹೇಳೋ!"

ಬಾಗಿಲು ಮುಚ್ಚಿಕೊಂಡಿತು. ಒಳಗಿಂದ ಅವಳು ಅವನನ್ನು ಬೈಯುತ್ತಿದ್ದುದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಹೇಳಿದ್ದ ಹೊತ್ತು ಮೀರಿತು. ಒಬ್ಬ ನರ್ಸ್ ರಕ್ತದ ಚೀಲ ಹಿಡಿದು ಒಳಗೆ ಓಡಿದಳು, ಅವನ ಕಡೆ ನೋಡಲಿಲ್ಲ. ಅವನಿಗೆ ಆ ಓಟದ ಅರ್ಥ ಗೊತ್ತಿತ್ತು, ಅವನ ಮುಖ ನೋಡಿ ನನಗೂ ಗೊತ್ತಾಯಿತು. ನನ್ನ ಆಪರೇಷನ್ ಮುಂದಕ್ಕೆ ಹಾಕಿದ್ದೇವೆಂದು ಯಾರೋ ಬಂದು ಹೇಳಿ ಹೋದರು. ಸಂತೋಷವಾಯಿತು, ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು. ಏನಾದರೂ ಮಾತಾಡಬೇಕಲ್ಲ ಎಂದು, ಹುಡುಗಿ ಯಾರಪ್ಪ ಎಂದು ಕೇಳಿದೆ.

"ಯಾರೂ ಇಲ್ಲಮ್ಮ," ಎಂದ ಅವನು. "ಕೊನೆ ಗೊತ್ತಿಲ್ಲದ್ದು ಏನಾದ್ರೂ ಒಂದು ಅವಳ ತಲೇಲಿ ಇರಲಿ ಅಂತ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳು ಕಣ್ಣು ಬಿಡಲಿ, ಬಿಟ್ಟು ಅವನ ಕೆನ್ನೆಗೆ ಎರಡು ಬಾರಿಸಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಗಡ್ಡೆ ತೆಗೆದಾಯಿತು, ಎಚ್ಚರ ಮಾತ್ರ ಆಗುತ್ತಿಲ್ಲ ಎಂದು ಡಾಕ್ಟರು ಹೊರಗೆ ಬಂದು ಹೇಳಿದರು. ಮಧ್ಯಾಹ್ನ ಕಳೆಯಿತು. ಕಾರಿಡಾರಿನ ಬಿಸಿಲು ಗೋಡೆ ಹತ್ತಿ ಮಾಯವಾಯಿತು. ತಳ್ಳಣ್ಣ ಕೈಗಳನ್ನು ತೊಡೆಯ ನಡುವೆ ಇರುಕಿಕೊಂಡು ಕೂತಿದ್ದ, ಆ ಕೈಗಳಿಗೆ ತಳ್ಳಲು ಏನೂ ಇರಲಿಲ್ಲ. ದೀಪ ಹಾಕುವ ಹೊತ್ತಿಗೆ ನರ್ಸ್ ಬಾಗಿಲು ಸರಿಸಿ ಅವನನ್ನು ಕರೆದಳು. ನಾನು ಹೊಸ್ತಿಲಲ್ಲಿ ನಿಂತೆ.

ಅಕ್ಕನ ಕಣ್ಣು ಅರ್ಧ ತೆರೆದಿತ್ತು. ಯಾವಾಗ ಶುರು ಮಾಡ್ತೀರಿ ಎಂದು ಅವಳು ಕೇಳಲಿಲ್ಲ. ತಮ್ಮನನ್ನು ಹುಡುಕಿ, ಒಣಗಿದ ತುಟಿ ಅಲುಗಿಸಿ, "ಯಾರೋ ಅವಳು?" ಎಂದಳು.

ಅವನು ಮಂಚದ ಕಂಬಿ ಹಿಡಿದು ಮಗುವಿನ ಹಾಗೆ ಅತ್ತುಬಿಟ್ಟ. ಬಿಕ್ಕುತ್ತಲೇ, "ನಾಳೆ ಹೇಳ್ತೀನಿ ಅಕ್ಕ," ಎಂದ.

ಅಪಾಯ ಪೂರ್ತಿ ಕಳೆದಿರಲಿಲ್ಲ, ಕೆಲವು ದಿನ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಅಕ್ಕ ದಿನಾ ಕೇಳುತ್ತಿದ್ದಳು, ಬೈಯುತ್ತಿದ್ದಳು, ಪುಸ್ತಕದ ಕೊನೆ ಹೇಳಿಬಿಡುತ್ತೇನೆಂದು ಹೆದರಿಸುತ್ತಿದ್ದಳು. ಅವನು ದಿನಾ ನಾಳೆ ಎನ್ನುತ್ತಿದ್ದ. ನನ್ನ ಸರದಿ ಬಂದ ದಿನ ನನ್ನನ್ನು ತಳ್ಳಿಕೊಂಡು ಹೋದವನೂ ಅವನೇ. ಹೆದರಿಕೆ ಮರೆಯಲು, ಅಕ್ಕನಿಗೆ ನಿಜ ಹೇಳಿದೆಯಾ ಎಂದು ಕೇಳಿದೆ.

"ಮನೆಗೆ ಕರ್ಕೊಂಡು ಹೋಗೋವರೆಗೂ ಹೇಳಲ್ಲಮ್ಮ. ಯಾರೂ ಇಲ್ಲ ಅಂದ್ಬಿಟ್ರೆ ಕಥೆ ಮುಗೀತಲ್ಲ."

ನನ್ನ ತಲೆಯ ಪಕ್ಕದಲ್ಲೇ, ಅವನು ಸ್ಟ್ರೆಚರಿನ ಕಂಬಿಯನ್ನು ಬಿಗಿಯಾಗಿ ಹಿಡಿದು ತಳ್ಳಿದ. ಬಾಗಿಲು ತೆರೆದುಕೊಂಡಿತು.