ಎಲೆತೋಟದೊಳಗೆ ಬರಿಗಾಲು

ನನ್ನ ಗಂಡನ ಹೆದರಿಕೆಗಳಿಗೆ ತಲೆಬುಡ ಇಲ್ಲ. ಮದುವೆಯಾದಾಗಿನಿಂದ ಇದನ್ನೇ ಹೇಳುತ್ತ ಬಂದಿದ್ದೇನೆ, ಹೇಳಿ ಹೇಳಿ ನನಗೇ ಸಾಕಾಗಿದೆ. ವೀಳ್ಯದೆಲೆಯ ಪೆಂಡಿಗಳನ್ನು ಬೈಕಿಗೆ ಕಟ್ಟಿಕೊಂಡು ಸವಣೂರಿನಿಂದ ಶಿಗ್ಗಾಂವಿಗೆ ಹೋದರೆ, ಹೈವೇ ಮೇಲೆ ರಾಂಗ್ ಸೈಡಿನಲ್ಲಿ, ಎದುರು ಬರುವ ಲಾರಿಗಳ ಮುಖಕ್ಕೇ ಗಾಡಿ ಓಡಿಸುತ್ತಾರೆ. ಸುತ್ತುಹಾಕಿ ಹೋದರೆ ಎಲೆ ಒಯ್ಯುವ ಬಸ್ಸು ತಪ್ಪುತ್ತದಂತೆ. ಅದೇ ಮನುಷ್ಯ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಹಾಸಿಗೆಯಿಂದ ಎದ್ದು ಹೋಗಿ ಮತ್ತೆ ಮುಟ್ಟಿ ನೋಡಿ ಬರುತ್ತಾರೆ.

ಅವರಿಗೆ ಶುಗರ್ ಬಂದು ವರ್ಷಗಳಾದವು. ಇನ್ಸುಲಿನ್ ಎಂದರೆ ಬೆವರುತ್ತಾರೆ. "ಒಮ್ಮೆ ಸೂಜಿ ಹಿಡದ್ರ ಬಿಡಾಕ ಬರೂದಿಲ್ಲ" ಎನ್ನುತ್ತಾರೆ. ಆದರೆ ತೋಟಕ್ಕೆ ಬರಿಗಾಲಲ್ಲೇ ಹೋಗುತ್ತಾರೆ. ನಮ್ಮ ಕಡೆ ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಬಳ್ಳಿಗೆ ಮೈಲಿಗೆಯಾದರೆ ಬುಡ ಕೊಳೆತು ತೋಟವೇ ಹೋಗುತ್ತದೆ ಎಂಬ ನಂಬಿಕೆ. ಒಳಗೆ ಸದಾ ನೆರಳು, ಹಸಿ ಮಣ್ಣು, ಹಾವುಗಳಿಗೆ ಹೇಳಿ ಮಾಡಿಸಿದ ಜಾಗ. ಹಾವು ಕಂಡರೆ ಇವರು ನಿಂತು ದಾರಿ ಬಿಡುತ್ತಾರೆ, ಅಷ್ಟೇ.

ಕಳೆದ ಮಳೆಗಾಲದಲ್ಲಿ ಕಾಲಿಗೆ ಸಿಬಿರು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದಾಗ ನಾನೇ ನೋಡಿದೆ. ಹುಬ್ಬಳ್ಳಿ ದವಾಖಾನೆಯಲ್ಲಿ ಎಡಗಾಲಿನ ಒಂದು ಬೆರಳು ತೆಗೆದರು. "ಕಾಲಿಗೆ ಸ್ಪರ್ಶಜ್ಞಾನ ಇಲ್ಲ. ಇನ್ನೊಂದು ಗಾಯ ಆದ್ರ ಪಾದಾನ ತಗೀಬೇಕಾಗ್ತೈತ್ರಿ. ಬರಿಗಾಲಲ್ಲೆ ಅಡ್ಡಾಡಾಕ ಬಿಡಬ್ಯಾಡ್ರಿ" ಎಂದು ಡಾಕ್ಟರು ನನಗೆ ಹೇಳಿದರು. ಅವರಿಗೆ ಹೇಳಿ ಉಪಯೋಗವಿಲ್ಲವೆಂದು ಆ ಡಾಕ್ಟರಿಗೂ ತಿಳಿದಿತ್ತೇನೋ.

ಗಾಯ ಮಾಯ್ದ ಮೇಲೆ ಇಬ್ಬರಿಗೂ ಮೆತ್ತನೆಯ ಹೊಸ ಚಪ್ಪಲಿ ತಂದು ತೋಟದ ಬೇಲಿಬಾಗಿಲಲ್ಲಿಟ್ಟೆ.

"ರಸ್ತೆ ಕಂಡಿಲ್ರಿ ಇವು. ಅರಿಷಿಣದ ನೀರಾಗ ತೊಳದೇನಿ."

ಅವರು ಒಂದು ಚಪ್ಪಲಿ ಎತ್ತಿ ಮಗುಚಿ ಅಡಿಭಾಗ ನೋಡಿದರು. "ಮೊದಲ ನೀ ಮೆಟ್ಕೊಂಡು ಒಳಗ ಹೋಗು. ಮುಂದಿನ ಹುಣ್ಣಿಮಿತನ ಬಳ್ಳಿ ನೆಟ್ಟಗಿದ್ರ ನಾನೂ ಮೆಟ್ತೇನಿ."

ಇಷ್ಟು ವರ್ಷಕ್ಕೆ ಮೊದಲ ಸಲ ಬಗ್ಗಿದ್ದರು. ಚಪ್ಪಲಿ ಮೆಟ್ಟಿಕೊಂಡು ಬಾಗಿಲು ತೆರೆದೆ. ಕಾಲು ಏಳಲಿಲ್ಲ. ಇದೆಲ್ಲ ಮೂಢನಂಬಿಕೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆದರೂ ಅತ್ತೆಯವರು ಹಬ್ಬಿಸಿದ ಬಳ್ಳಿ, ನಮ್ಮಿಬ್ಬರ ಅನ್ನ, ಅದು ನನ್ನ ಕಾಲಿನಿಂದ ಕೊಳೆತರೆ? ನನ್ನ ಮೇಲೆ ನನಗೇ ಸಿಟ್ಟು ಬಂತು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟೆ. ಅವರು ನಗಲಿಲ್ಲ, ತಮ್ಮವನ್ನೂ ಅಲ್ಲೇ ಬಿಟ್ಟು ಒಳಗೆ ಹೊರಟರು.

"ಕೆಳಗ ನೋಡಿ ಕಾಲಿಡ್ರಿ. ನಾ ಹಿಂದಿಂದ ನೋಡ್ಕೊಂತ ಬರ್ತೇನಿ" ಎಂದೆ.

ಅವರು ಎಲೆ ಕೀಳುತ್ತ ಸಾಲಿನಿಂದ ಸಾಲಿಗೆ ನಡೆದರು. ನಾನು ಹಿಂದೆ. ಒಂದು ಕಡೆ ಎಲೆ ಬಿಳುಚಿದಂತೆ ಕಂಡಿತು. ಕೂತು ಬುಡ ಕೆದರಿ ನೋಡಿದೆ, ಬೇರು ಗಟ್ಟಿಯಾಗಿತ್ತು. ಮುಂದಿನದನ್ನೂ ನೋಡಿದೆ, ಅದರ ಮುಂದಿನದನ್ನೂ. ಎಲ್ಲ ಬಳ್ಳಿ ಚೆನ್ನಾಗಿತ್ತು, ಜೀವ ಹಗುರವಾಯಿತು. ವಾಪಸು ಬರುವಾಗ ಬಂದ ದಾರಿಯ ಹಸಿ ಮಣ್ಣು ನೋಡಿದೆ. ಅವರ ಎಡಗಾಲು ಬಿದ್ದಲ್ಲೆಲ್ಲ ಕೆಂಪಾಗಿತ್ತು.