ಹೊಲಿಗೆ ಅಂಗಡಿಯ ಕಂಪ್ಯೂಟರು

ಕೊಣ್ಣೂರಿನ ಕಬ್ಬು ಬೆಳೆಯುವ ಮನೆತನದ ತ್ರಿಶಲಾ ಹತ್ತೊಂಬತ್ತಕ್ಕೆ ಮದುವೆಯಾಗಿ ಗೋಕಾಕಕ್ಕೆ ಬಂದಳು. ಗಂಡ ಬಾಬಾಸಾಹೇಬನದು ಹೊಲಿಗೆ ಮಷೀನಿನ ಅಂಗಡಿ. ಅವನು ಮುಂದೆ ಕೂತು ಮಷೀನಿನ ಗುಣಗಾನ ಮಾಡುತ್ತಿದ್ದ. ಅವಳು ಹಿಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಎರಡು ತಿಂಗಳು ಕಲಿತವರು ಮಷೀನು ಕೊಳ್ಳದೆ ಬಿಡುತ್ತಿರಲಿಲ್ಲ. ಬರೀ ನೋಡಿ ಹೋಗಲು ಬಂದವರಿಗೂ ತ್ರಿಶಲಾ ಒಂದು ಸ್ಟೂಲು ಎಳೆದು, "ಮೊದಲ ಕೂತು ತುಳದ ನೋಡ್ರಿ, ಆಮ್ಯಾಲ ಮಾತು" ಅನ್ನುತ್ತಿದ್ದಳು. ಹದಿನೈದು ವರ್ಷ ಅಂಗಡಿ ಹೀಗೇ ಚೆನ್ನಾಗಿ ನಡೆಯಿತು.

ಆಮೇಲೆ ಪೇಟೆ ತುಂಬ ರೆಡಿಮೇಡ್ ಬಟ್ಟೆ ಬಂದವು. ಹೊಲಿಗೆ ಕಲಿಯುವವರು ಕಡಿಮೆಯಾದರು. ೧೯೯೮ರ ದೀಪಾವಳಿಗೆ ಮೂರು ತಿಂಗಳಿದೆ ಅನ್ನುವಾಗ ಬಾಬಾಸಾಹೇಬ ಪುಣೆಯ ಒಂದು ಕಂಪ್ಯೂಟರ್ ಕಂಪನಿಯ ಏಜೆನ್ಸಿ ಹಿಡಿದ. ಕಂಪ್ಯೂಟರು, ಪ್ರಿಂಟರಿನ ಜೊತೆಗೆ ಬಟ್ಟೆಯ ಬ್ಯಾನರು, ಎರಡು ಟೋಪಿ, ಒಂದು ಕಟ್ಟು ಇಂಗ್ಲಿಷ್ ಕರಪತ್ರ, ಗೋಡೆಗೆ ಹಚ್ಚುವ ದೊಡ್ಡ ಚಿತ್ರ ಬಂದವು. ಚಿತ್ರದಲ್ಲಿ ಟೈ ಕಟ್ಟಿದ ಅಪ್ಪ, ನಗುವ ಅವ್ವ, ಇಬ್ಬರು ಕೆಂಪಗಿನ ಮಕ್ಕಳು ಕಂಪ್ಯೂಟರಿನ ಸುತ್ತ ನಿಂತಿದ್ದರು. "ಇವರು ಯಾವ ಊರಾವ್ರ್ರಿ?" ಎಂದು ಹೊಲಿಗೆಯ ಹುಡುಗಿಯರು ಕೇಳಿ ನಕ್ಕರು.

ಬಾಬಾಸಾಹೇಬ ಕಂಪನಿ ಹೇಳಿದ್ದನ್ನೆಲ್ಲ ಮಾಡಿದ. ಮೂಡಲಗಿಯ ಸಂತೆಗೆ ಆಟೋಕ್ಕೆ ಮೈಕು ಕಟ್ಟಿ ಕಳಿಸಿದ. ಮೇಲವಂಕಿಯತನಕ ಕರಪತ್ರ ಹಂಚಿಸಿದ. ಕಂಪನಿಯ ಬೆಳಗಾವಿ ಕಚೇರಿಯ ಅರಿಹಂತ ಎಂಬ ಹುರುಪಿನ ಹುಡುಗ ಬಂದು, ಕಂಪ್ಯೂಟರ್ ಕೊಂಡವರಿಗೆ ಪ್ರೆಶರ್ ಕುಕ್ಕರು ಬಕ್ಷೀಸು ಎಂದು ಹೊಸ ಯೋಜನೆ ಸಾರಿದ. ಮರುದಿನದಿಂದ ಜನ ಬಂದರು. "ಕಂಪ್ಯೂಟರ್ ಇರಲ್ರಿ, ಕುಕ್ಕರ್ ಒಂದ ಕೊಡ್ತೀರೇನು?" ಎಂದು ಕೇಳಿ ಹೋದರು.

ಕಂಪ್ಯೂಟರಿನ ಮೇಲೆ ತ್ರಿಶಲಾ ಹೊಲಿದ ಝಾಲರಿನ ಮುಸುಕು ಇತ್ತು. ಅದನ್ನು ಬೆಳಿಗ್ಗೆ ಒಮ್ಮೆ ತೆಗೆದು, ಧೂಳು ಒರೆಸಿ, ಊದಿನಕಡ್ಡಿ ಬೆಳಗಿ ಬಾಬಾಸಾಹೇಬ ಮತ್ತೆ ಮುಚ್ಚುತ್ತಿದ್ದ. ಯಾರೂ ಮುಟ್ಟುವಂತಿರಲಿಲ್ಲ. ಅವನು ಮಧ್ಯಾಹ್ನ ಊಟಕ್ಕೆ ಹೋದಾಗ ಮಾತ್ರ ತ್ರಿಶಲಾ ಮುಸುಕು ತೆಗೆಯುತ್ತಿದ್ದಳು. ಅರಿಹಂತ ಎರಡು ಸಲ ಬಂದಾಗ ಹೇಳಿಕೊಟ್ಟಿದ್ದನ್ನು ವಹಿಯಲ್ಲಿ ಬರೆದುಕೊಂಡಿದ್ದಳು. ಅದನ್ನು ನೋಡಿ ನೋಡಿ ಕನ್ನಡದಲ್ಲಿ ತನ್ನ ಹೆಸರು ಮೂಡಿಸಿದ ದಿನ, ಯಾರಿಗೂ ಹೇಳದೆ ಸಂಜೆತನಕ ಒಬ್ಬಳೇ ಖುಷಿಯಲ್ಲಿದ್ದಳು.

ದೀಪಾವಳಿ ಮುಗಿದರೂ ಒಂದೂ ಮಾರಾಟವಾಗಲಿಲ್ಲ. ಆಗ ಒಂದು ದಿನ ಹುಕ್ಕೇರಿಯ ಸಾತಪ್ಪ ಹೆಂಡತಿಯ ಹೊಲಿಗೆ ಮಷೀನು ರಿಪೇರಿಗೆ ತಂದ. ಬಾಬಾಸಾಹೇಬನ ಹಳೆಯ ಗೆಳೆಯ. ಹುಕ್ಕೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು ಅವನದು. ಬಾಬಾಸಾಹೇಬ ಕರಪತ್ರ ತೆಗೆದು ಓದತೊಡಗಿದ. ಸಾತಪ್ಪ ಎರಡು ಸಲ ಆಕಳಿಸಿದ.

ತ್ರಿಶಲಾ ಒಳಗಿಂದ ಬಂದು ಮುಸುಕು ತೆಗೆದಳು. "ಅಣ್ಣಾರ, ಕೂಡ್ರಿ ಇಲ್ಲಿ."

"ನಾ ಕೂತ್ರ ಏನಾಗ್ತೈತ್ರಿ ವೈನಿ?" ಎಂದ ಸಾತಪ್ಪ. "ನಮ್ಮಲ್ಲೆ ಅಚ್ಚಿನ ಮೊಳಿ ಜೋಡಸಾಂವ ಅರ್ಜುನ. ಒಂದೊಂದ ಅಕ್ಷರ ಹೆಕ್ಕಿ ಜೋಡಸ್ಕೋತ ಮೂವತ್ತು ವರ್ಷ ತೆಗದಾನ. ಈ ಪೆಟಿಗಿ ತಂದಿಟ್ಟು ಅವಂಗ ಮನಿಗೆ ಹೋಗಂತ ಹೆಂಗ ಹೇಳ್ಲಿ?"

"ಹೋಗಂತ ಯಾಕ ಹೇಳ್ತೀರಿ? ಇಲ್ಲಿಗೆ ಕಳಸ್ರಿ. ಎಂಟು ದಿನ ನಾ ಕಲಸ್ತೇನಿ. ಅವರ ಕೈಗೆ ಬಂದ್ರ ತಗೋರಿ, ಬರಲಿಲ್ಲಂದ್ರ ಬ್ಯಾಡ."

ಸಾತಪ್ಪ ಒಪ್ಪಿ ಹೋದ. ಅವನು ಹೊರಬಿದ್ದದ್ದೇ ತಡ, ಬಾಬಾಸಾಹೇಬ ಸಿಡುಕಿದ. "ಮಾರೂ ಮಾಲ ಅದು. ಎಂಟು ದಿನ ಬಡದ್ರ ಹಳೇದಾಗೂದಿಲ್ಲೇನು?"

"ಮುಚ್ಚಿಟ್ರೂ ಹಳೇದಾಗಾಕತ್ತೈತಲ್ರಿ" ಅಂದಳು ತ್ರಿಶಲಾ.

ಸೋಮವಾರ ಬೆಳಗಿನ ಬಸ್ಸಿಗೆ ಅರ್ಜುನ ಬಂದ. ಐವತ್ತೈದರ ಆಸುಪಾಸು, ಬಿಳಿ ಧೋತರ, ಮಸಿ ಇಂಗಿ ಕಪ್ಪಾದ ಬೆರಳು. ಕೈ ಎರಡು ಸಲ ತೊಳೆದುಕೊಂಡರೂ ಕೂಡಲು ಹಿಂಜರಿದ. ಕೂತ ಮೇಲೂ ಕಾದ ಹಂಚು ಮುಟ್ಟಿದ ಹಾಗೆ ಕೀಲಿ ಒತ್ತಿ ಬೆರಳು ಹಿಂದೆಗೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ, "ಅಕ್ಕಾರ, ಇದರಾಗ ಶ್ರೀ ಎಲ್ಲೈತ್ರಿ?" ಎಂದು ಕೇಳಿದ. "ನಮ್ಮ ಪೆಟಿಗ್ಯಾಗ ಶ್ರೀಗೆ ಬ್ಯಾರೇನ ಖಾನೆ ಇರ್ತೈತಿ. ಶ್ರೀ ಇಲ್ಲದ ಲಗ್ನಪತ್ರಿಕಿ ಎಲ್ಲಿಂದ ಬರಬೇಕು?"

ತ್ರಿಶಲಾಳ ವಹಿಯಲ್ಲಿ ಶ್ರೀ ಇರಲಿಲ್ಲ. ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿತ್ತು. "ನನಗೂ ಗೊತ್ತಿಲ್ಲ ಕಾಕಾ, ಹುಡಕೂಣ ಬರ್ರಿ" ಎಂದು ಅವಳೂ ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ಅದನ್ನೊತ್ತಿ ಇದನ್ನೊತ್ತಿ, ಶಕಾರದ ಕೆಳಗೆ ರಕಾರ ಕೂಡಿಸುವುದರೊಳಗೆ ಮಧ್ಯಾಹ್ನವಾಯಿತು. ಪರದೆಯ ಮೇಲೆ ಶ್ರೀ ಮೂಡಿದಾಗ ಅರ್ಜುನ ಕೈಮುಗಿದ.

ಎರಡನೆಯ ದಿನ ಏನೂ ಮುಂದೆ ಸಾಗಲಿಲ್ಲ. ಒಂದು ಸಾಲಿಗೆ ಅರ್ಧ ತಾಸು ಹಿಡಿಯಿತು. ಅವನು ಬಸ್ಸಿನ ಹೊತ್ತಿಗಿಂತ ಮೊದಲೇ ಎದ್ದು ಹೋದದ್ದನ್ನು ನೋಡಿ ತ್ರಿಶಲಾಳಿಗೆ ಅಳುಕು ಹುಟ್ಟಿತು. ಮಷೀನು ಮಾರದಿದ್ದರೆ ಹೋಗಲಿ, ಮೂವತ್ತು ವರ್ಷ ದುಡಿದ ಮನುಷ್ಯ ತನ್ನ ಕೈಲಾಗುವುದಿಲ್ಲ ಎಂದುಕೊಂಡು ಮನೆಗೆ ಹೋದರೆ ಹೇಗೆ? 

ಮೂರನೆಯ ದಿನ ಒಂದು ಪುಟ ಮುಗಿಯುತ್ತ ಬಂದಿತ್ತು, ಆಗ ಕರೆಂಟು ಹೋಯಿತು. ಪುಟ ಉಳಿಸಿಡಲು ಹೇಳುವುದನ್ನು ತ್ರಿಶಲಾ ಮರೆತಿದ್ದಳು. ಕರೆಂಟು ಬಂದಾಗ ಪರದೆಯ ಮೇಲೆ ಏನೂ ಇರಲಿಲ್ಲ.

"ಎಲ್ಲಾ ಹೋತೇನ್ರಿ?" ಅರ್ಜುನ ಕೇಳಿದ.

"ನನ್ನ ತಪ್ಪ, ಕಾಕಾ."

ಅವನು ನಕ್ಕುಬಿಟ್ಟ. "ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಜೋಡಿಸಿದ ಪುಟ ಕೈಜಾರಿ ಬಿತ್ತು. ನೆಲದ ಮ್ಯಾಲ ಕೂತು ಮೊಳಿ ಆರಸ್ಕೋತ ದಿನಾನ ಮುಗೀತು. ಇಲ್ಲಿ ಆರಸೂದಾದ್ರೂ ತಪ್ಪಿತು."

ಆ ನಗೆಯಿಂದಲೋ ಏನೋ, ಅವನ ಬಿಗಿ ಸಡಿಲಾಯಿತು. ಒಂದು ಬಿಳಿ ಹಾಳೆ ಕೇಳಿ ಇಸಿದುಕೊಂಡ. ಕೀಲಿಗಳೆಲ್ಲವನ್ನೂ ಚೌಕ ಚೌಕ ಖಾನೆಗಳಾಗಿ ಬರೆದು, ಒಂದೊಂದರಲ್ಲಿ ಅಕ್ಷರ ತುಂಬಿದ. "ಇದೂ ಮೊಳಿ ಪೆಟಿಗೀನರಿ. ಖಾನೆ ಸಣ್ಣೂವು, ಅಷ್ಟ" ಎಂದು ಹಾಳೆ ಮಡಿಚಿ ಕಿಸೆಗಿಟ್ಟುಕೊಂಡ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಅದನ್ನು ತೊಡೆಯ ಮೇಲೆ ಹರವಿಕೊಂಡು ಬೆರಳಾಡಿಸಿದ. ನಾಲ್ಕನೆಯ ದಿನ ಕೀಲಿ ನೋಡುವುದು ಕಡಿಮೆಯಾಯಿತು. ಆರನೆಯ ದಿನ ನೋಡುವುದನ್ನೇ ಬಿಟ್ಟ. ಹೊಲಿಗೆಯ ಹುಡುಗಿಯರು ಕತ್ತರಿ ಕೆಳಗಿಟ್ಟು ಬಂದು ಅವನ ಹಿಂದೆ ನಿಂತರು. ತ್ರಿಶಲಾಳ ವಹಿಯಲ್ಲಿದ್ದ ಕಾಗುಣಿತದ ತಪ್ಪುಗಳನ್ನೂ ಅವನು ಮೆಲ್ಲಗೆ ತಿದ್ದಿಕೊಟ್ಟ.

ಎಂಟನೆಯ ದಿನ ಸಾತಪ್ಪ ಬಂದ. ಒಂದು ಹಳೆಯ ಲಗ್ನಪತ್ರಿಕೆ ಮುಂದಿಟ್ಟು ಕೈಕಟ್ಟಿ ನಿಂತ. ಅರ್ಜುನ ಅದನ್ನು ಅಚ್ಚುಕಟ್ಟಾಗಿ ಜೋಡಿಸಿ, ಪ್ರಿಂಟು ತೆಗೆದು, ಎಂಟು ದಿನ ಮಸಿ ತಾಗದೆ ತಿಳಿಯಾದ ಬೆರಳಿನಿಂದ ಹಾಳೆ ಎತ್ತಿಕೊಟ್ಟ. ಸಾತಪ್ಪ ಓದಿದ. ತಪ್ಪು ಸಿಗಲಿಲ್ಲ.

"ಕರೆಂಟ್ ಹೋದ್ರ ಏನ್ರಿ ವೈನಿ?" ಎಂದು ಕೊನೆಯ ಪ್ರಶ್ನೆ ಹಾಕಿದ.

"ಸುಮ್ಮನ ಕೂಡ್ತೈತ್ರಿ. ಬ್ಯಾಟರಿ ಪೆಟಿಗೀನೂ ತಗೋಬೇಕು. ಅದೂ ಅರ್ಧ ತಾಸಿನ ಮ್ಯಾಲ ತಡ್ಯೂದಿಲ್ಲ."

ಬಾಬಾಸಾಹೇಬ ಹಿಂದಿನಿಂದ ಕಣ್ಣು ಬಿಟ್ಟು ಹೆದರಿಸಿದರೂ ತ್ರಿಶಲಾ ಅತ್ತ ನೋಡಲಿಲ್ಲ. ಸಾತಪ್ಪ ಅರ್ಜುನನ ಕಡೆ ತಿರುಗಿದ. "ಏನೋ, ಒಯ್ಯೂಣೇನು?"

"ಒಯ್ಯೂಣ್ರಿ ಧಣ್ಯಾರ. ಇದರ ಮುಂದ ನಾ ಕೂಡ್ತೇನಿ, ಇದು ನಮ್ಮ ಅಚ್ಚಿನ ಮಷೀನಿನಂಗ ಕರಕರ ಒದರೂದಿಲ್ಲ" ಎಂದ ಅರ್ಜುನ, ಪೆಟ್ಟಿಗೆಯ ಮೇಲೆ ಕೈಯಿಟ್ಟು. ಅವತ್ತೇ ಟೆಂಪೋ ಮಾಡಿ, ಗೋಣಿಚೀಲದ ಮೆತ್ತೆಯ ಮೇಲೆ ಕಂಪ್ಯೂಟರ್ ಇಟ್ಟು, ಅದನ್ನು ತಬ್ಬಿಕೊಂಡೇ ಹುಕ್ಕೇರಿಗೆ ಹೋದ.

ಸುದ್ದಿ ಪ್ರೆಸ್ಸಿನಿಂದ ಪ್ರೆಸ್ಸಿಗೆ, ಅಲ್ಲಿಂದ ಸಾಲೆಗಳಿಗೆ ಹಬ್ಬಿತು. ಮೂಡಲಗಿಯ ಒಬ್ಬ ಮಾಸ್ತರರು, ಹತ್ತರಗಿಯ ಹೆದ್ದಾರಿ ಬದಿಯ ಟೈರು ಅಂಗಡಿಯವನು ಬಂದು, ಮಾರಲು ತರಿಸಿದ ಹೊಸ ಮಷೀನಿನ ಮೇಲೇ ಎಂಟು ದಿನ ಕೂತು ಕಲಿತು, ತಲಾ ಒಂದು ಕಂಪ್ಯೂಟರು ಕೊಂಡರು. ಅರಿಹಂತ ಬೆಳಗಾವಿಯ ಏಜೆಂಟರ ಸಭೆಗೆ ಗಂಡ ಹೆಂಡತಿ ಇಬ್ಬರನ್ನೂ ಕರೆಸಿದ. ಟೈ ಕಟ್ಟಿದವರ ನಡುವೆ ತ್ರಿಶಲಾ ಎದ್ದು, "ಕುಕ್ಕರ್ ಬಿಡ್ರಿ, ಮಂದಿಗೆ ಬಡದು ಕಲ್ಯಾಕ ಇನ್ನೊಂದ ಮಷೀನ ಕೊಡ್ರಿ" ಎಂದಳು. ತಿಂಗಳೊಳಗೆ ಕಂಪನಿ ಕೊಟ್ಟಿತು. ಅವರಿಗಷ್ಟೇ ಅಲ್ಲ, ಉಳಿದ ಏಜೆಂಟರ ಅಂಗಡಿಗಳಿಗೂ ಕೊಟ್ಟಿತು. ಪ್ರೆಸ್ಸಿಗೆ ಸೂಟಿ ಇದ್ದ ದಿನ ಅರ್ಜುನ ಗೋಕಾಕಕ್ಕೆ ಬಂದು ಕನ್ನಡ ಟೈಪಿಂಗ್ ಕಲಿಸತೊಡಗಿದ. ಅದರ ಪಗಾರವೂ ಅವನಿಗೆ ಸಿಗುತ್ತಿತ್ತು.

೨೦೦೪ರಲ್ಲಿ ಮೂಡಲಗಿಯಲ್ಲಿ ಇನ್ನೊಂದು ಸಣ್ಣ ಅಂಗಡಿ ಹಾಕಿದರು. ವಾರಕ್ಕೆ ಎರಡು ದಿನ ತ್ರಿಶಲಾ ಬಸ್ಸಿಗೆ ಅಲ್ಲಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಗುರುತಿನವರು ಬಿಡುತ್ತಿರಲಿಲ್ಲ. "ಅಕ್ಕಾರ, ನಮ್ಮ ಕಂಪ್ಯೂಟರ್ ನೀಲಿ ಆಗಿ ನಿಂತೈತ್ರಿ" ಎಂದು ಒಬ್ಬ ಮಾಸ್ತರರು ಮುಂದಿನ ಸೀಟಿನಿಂದ ತಿರುಗಿದರೆ, ಹಿಂದೆ ಅವಳ ಹತ್ತಿರ ಹೊಲಿಗೆ ಕಲಿತು ಈಗ ಪಕ್ಕದಲ್ಲಿ ಕೂತ ಫಕೀರವ್ವ ಜಂಪರಿನ ತೋಳು ಯಾಕೆ ಬಿಗಿಯಾಗುತ್ತದೆ ಎಂದು ಕೇಳುತ್ತಿದ್ದಳು. ತ್ರಿಶಲಾ ಅವಳ ತೋಳಿಗೆ ಗೇಣು ಹಚ್ಚಿ ಅಳತೆ ನೋಡುತ್ತ, ಮಾಸ್ತರರಿಗೆ ಯಾವ ಗುಂಡಿ ಒತ್ತಬೇಕೆಂದು ಹೇಳುತ್ತ ಇರುವಾಗಲೇ ಮೂಡಲಗಿ ಬಂದುಬಿಡುತ್ತಿತ್ತು.